ಹಿಮನಾಡಿನ ಇಳಿದಾಣ



ದೇಶರಕ್ಷಣೆಯ ಕಥನಗಳಲ್ಲಿ ವೀರನ ಶೌರ್ಯಕ್ಕೆ ಸಲ್ಲುವ ಮನ್ನಣೆ, ಆ ಶೌರ್ಯಕ್ಕೆ ಆಸ್ಪದವನ್ನು ಸಿದ್ಧಪಡಿಸಿಕೊಟ್ಟ ಶ್ರಮಕ್ಕೆ ಸಲ್ಲುವುದು ವಿರಳ. ಆದುದರಿಂದ ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ, ಶೀತದಿಂದ ಹೆಪ್ಪುಗಟ್ಟಿದ ದುರ್ಗಮ ಪ್ರದೇಶದಲ್ಲಿ, ಯುದ್ಧಕಾಲದ ತುರ್ತಿನಲ್ಲಿ, ವಿಮಾನಗಳು ಇಳಿಯುವುದಕ್ಕಾಗಿ ನೆಲವನ್ನು ಹದಗೊಳಿಸುವ ವಿದ್ಯೆ. ಅದಕ್ಕೆ ನಿದರ್ಶನವಾಗಿ ತೆಗೆದುಕೊಂಡಿರುವುದು 1948ರಲ್ಲಿ ಲಡಾಖಿನ ಲೇಹ್ ಪಟ್ಟಣದ ಬಳಿ ನಿರ್ಮಾಣವಾದ ಇಳಿದಾಣ.

ಆ ವರ್ಷದ ಚಳಿಗಾಲದಲ್ಲಿ ಲೇಹ್ ಮಹಾಸಂಕಟದಲ್ಲಿತ್ತು. ಕಾಶ್ಮೀರದ ಮೇಲೆ ದಾಳಿಯಿಟ್ಟಿದ್ದ ಪಾಕಿಸ್ತಾನದ ಕಡೆಯ ಆಕ್ರಮಣಕಾರರು ಲೇಹ್‌ನ ವಾಯವ್ಯಕ್ಕಿರುವ ಸ್ಕರ್ದು ಪಟ್ಟಣವನ್ನು ಮುತ್ತಿದ್ದರು. ಶ್ರೀನಗರದಿಂದ ಲಡಾಖಿಗೆ ಹೋಗುವ ಮುಖ್ಯ ಹಾದಿಯಲ್ಲಿ, 11,500 ಅಡಿ ಎತ್ತರದ ಜೋಜಿಲಾ ಘಟ್ಟವನ್ನು ಹಿಮವು ಮುಚ್ಚಿತ್ತು. ಫೆಬ್ರವರಿಯಲ್ಲಿ ಮೇಜರ್ ಪೃಥಿ ಚಂದ್ ಅವರ ನೇತೃತ್ವದಲ್ಲಿ ಹೊರಟ ಸೈನಿಕರ ಚಿಕ್ಕದೊಂದು ತಂಡ, ಆ ಋತುವಿನಲ್ಲಿ ಜನ ದಾಟಲಂಜುವ ಘಟ್ಟವನ್ನು ದಾಟಿ, ಮಾರ್ಚಿಯಲ್ಲಿ ಲೇಹನ್ನು ಸೇರಿತು. ತಂಡದೊಡನೆ ನಡೆದುಬಂದವರಲ್ಲಿ ಲಡಾಖಿನವರೇ ಆದ ಎಂಜಿನಿಯರ್ ಸೋನಮ್ ನೋರ್ಬು ಒಬ್ಬರು. ಅಷ್ಟು ಅಲ್ಪಬಲವು ಪಟ್ಟಣವನ್ನು ಕೆಲಕಾಲ ಕಾಯಬಲ್ಲುದೇ ಹೊರತು ಉಳಿಸಿಕೊಳ್ಳಲಾರದು. ಉಳಿಸಿಕೊಳ್ಳಬೇಕಾದರೆ ಆಕಾಶಮಾರ್ಗವಾಗಿ ಸೇನೆ ಬರಬೇಕು, ಸೇನೆ ಬರಬೇಕಾದರೆ ವಿಮಾನಕ್ಕೆ ನೆಲ ಬೇಕು. ಆ ನೆಲವನ್ನು ಮಾಡಿಕೊಡುವ ಹೊಣೆ ನೋರ್ಬು ಅವರದಾಯಿತು.

ಈ ಹೊಣೆ ಎಂತಹುದೆಂಬುದನ್ನು ಬಯಲುಸೀಮೆಯವರಾದ ನಾವು ಸುಲಭವಾಗಿ ಊಹಿಸಲಾರೆವು. 10,500 ಅಡಿಗೂ ಮಿಕ್ಕ ಆ ಎತ್ತರದಲ್ಲಿ ವಾಯುವಿನ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಭಾಗಕ್ಕೂ ಕಡಮೆ. ರೆಕ್ಕೆಗೆ ಆಧಾರ ಗಾಳಿಯೇ ಆದುದರಿಂದ, ಅದು ತೆಳುವಾದಷ್ಟೂ ವಿಮಾನವು ಹೆಚ್ಚು ವೇಗದಿಂದ ನೆಲವನ್ನು ಮುಟ್ಟಬೇಕಾಗುತ್ತದೆ, ಮೇಲೇಳುವಾಗ ಹೆಚ್ಚು ದೂರ ಓಡಬೇಕಾಗುತ್ತದೆ. ಎಂಜಿನ್ನಿನ ಶಕ್ತಿಯಾದರೋ ಅದೇ ಕಾರಣದಿಂದ ಕುಂದಿರುತ್ತದೆ. ಕೆಳನಾಡಿನಲ್ಲಿ ಸಾಕಾಗುವ ರನ್‌ವೇ ಅಲ್ಲಿ ಸಾಲದು.

ಮಣ್ಣಿನ ಸ್ವಭಾವವೂ ಅಷ್ಟೇ ವಿಷಮವಾದುದು. ಹೆಪ್ಪುಗಟ್ಟಿದ ನೆಲ ಗುದ್ದಲಿಗೆ ಮಣಿಯದು. ಹೇಗೋ ಅಗೆದು ಸಮಮಾಡಿದರೂ, ಬಿಸಿಲೇರಿದೊಡನೆ ಒಳಗಿನ ಮಂಜು ಕರಗಿ ಮೇಲ್ಮೈ ಕುಸಿಯುತ್ತದೆ, ಇರುಳಿನಲ್ಲಿ ಆ ನೀರೇ ಮತ್ತೆ ಗಟ್ಟಿಯಾಗಿ ಹಿಗ್ಗಿ ನೆಲವನ್ನು ಉಬ್ಬಿಸುತ್ತದೆ. ಆದಕಾರಣ ಇಂಥ ನಾಡಿನಲ್ಲಿ ಎಂಜಿನಿಯರನ ಮೊದಲ ವಿವೇಕವಿರುವುದು ಸ್ಥಳವನ್ನು ಆರಿಸುವುದರಲ್ಲಿ: ನೀರು ನಿಲ್ಲದ, ಜಲ್ಲಿ ಮರಳುಗಳಿಂದ ಕೂಡಿದ, ಗಾಳಿಯ ದಿಕ್ಕಿಗೂ ಪರ್ವತಗಳ ನಡುವಣ ತೆರಪಿಗೂ ಹೊಂದಿಕೊಳ್ಳುವ ಬಯಲನ್ನು ಅವನು ಕಂಡುಕೊಳ್ಳಬೇಕು. ಅಂತಹ ಬಯಲು ಸ್ಪಿತುಕ್ ಬೌದ್ಧವಿಹಾರದ ಸಮೀಪ, ಸಿಂಧೂತೀರದಲ್ಲಿ ದೊರೆಯಿತು.

ಬಯಲು ದೊರೆತ ಮೇಲೆ ಅದನ್ನು ವಿಮಾನದ ಭಾರಕ್ಕೆ ಹದಗೊಳಿಸಬೇಕಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ತಾತ್ಕಾಲಿಕ ರನ್‌ವೇಗಳಿಗೆಂದು ತೂತುಗಳುಳ್ಳ ಉಕ್ಕಿನ ಹಲಗೆಗಳನ್ನು ಬಳಕೆಗೆ ತಂದಿದ್ದರು. 10 ಅಡಿ ಉದ್ದ, 15 ಅಂಗುಲ ಅಗಲದ ಒಂದೊಂದು ಹಲಗೆಯೂ ಸುಮಾರು 66 ಪೌಂಡು ತೂಗುತ್ತಿತ್ತು. ಸಾವಿರಾರು ಹಲಗೆಗಳನ್ನು ಸಾಗಿಸಲು ಹಡಗು, ಲಾರಿಗಳಿದ್ದೆಡೆಯಲ್ಲಿ ಮಾತ್ರ ಆ ಉಪಾಯ ಫಲಿಸೀತು. ಮೋಟಾರು ರಸ್ತೆಯೇ ಇಲ್ಲದಿದ್ದ ಲೇಹ್‌ನಲ್ಲಿ ಇದ್ದುದು ಕೈಯ ಸಲಕರಣೆಗಳು, ಸುತ್ತಲಿನ ಹಳ್ಳಿಗಳ ಜನ. ನಮ್ಮ ರೈತರು ಸುಗ್ಗಿಗೆ ಮುನ್ನ ಕಲ್ಲು ಹೆಕ್ಕಿ, ತಗ್ಗು ತುಂಬಿ, ನೆಲ ಬಡಿದು ಕಣವನ್ನು ಮಾಡುವ ರೀತಿಯಲ್ಲಿಯೇ ಆ ಜನ ನದಿಯ ಬಯಲನ್ನು ಕೆಲವೇ ವಾರಗಳಲ್ಲಿ ಸಮಗೊಳಿಸಿದರು.

ಮೇ ತಿಂಗಳಲ್ಲಿ, ಜೋಜಿಲಾಕ್ಕೂ ಲೇಹ್‌ಗೂ ನಡುವಣ ಕಾರ್ಗಿಲ್ ಕೈತಪ್ಪಿ ಶ್ರೀನಗರದ ಹಾದಿ ಕಡಿದುಹೋಯಿತು. ಆ ಗಳಿಗೆಯಲ್ಲಿ, 1948ರ ಮೇ 24ರಂದು, ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಒಳಗಣ ವಾಯುವಿನ ಒತ್ತಡವನ್ನು ಕಾಪಾಡುವ ಏರ್ಪಾಡಿಲ್ಲದ ಡಕೋಟಾ ವಿಮಾನವನ್ನು ಹಿಮಶಿಖರಗಳ ಮೇಲಿಂದ ತಂದು ಆ ನೆಲದ ಮೇಲೆ ಇಳಿಸಿದರು. ಅವರೊಡನೆ ಇದ್ದವರು ಆ ಭಾಗದ ಸೇನೆಯ ಅಧಿಪತಿಗಳಾಗಿದ್ದ, ನಮ್ಮ ಕೊಡಗಿನ ಮಡಿಕೇರಿಯಲ್ಲಿ ಜನಿಸಿದ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಹಿಂದೆ ಯಾವ ವಿಮಾನವೂ ಇಳಿದಿರದ ನೆಲಕ್ಕೆ, ತಮ್ಮ ಸೈನಿಕರನ್ನು ಕಳುಹಿಸುವ ಮೊದಲು, ಸೇನಾನಿಯು ತಾನೇ ಬಂದಿಳಿದುದು ನಾಯಕತ್ವದ ಉತ್ತಮ ಲಕ್ಷಣ. ಅನಂತರ ಗೂರ್ಖಾ ಸೈನಿಕರು ವಿಮಾನಗಳಲ್ಲಿ ಬಂದರು, ಲೇಹ್ ಉಳಿಯಿತು. ನವೆಂಬರ್ ಮೊದಲ ದಿನ ತಿಮ್ಮಯ್ಯನವರು ಟ್ಯಾಂಕುಗಳನ್ನು ನಡೆಸಿ ಜೋಜಿಲಾವನ್ನು ಗೆದ್ದ ಕಥೆ ಸುಪ್ರಸಿದ್ಧವಾಗಿದೆ; ಆದರೆ ಲೇಹ್ ಅಷ್ಟರೊಳಗೆ ಶತ್ರುವಶವಾಗಿದ್ದಲ್ಲಿ ಆ ವಿಜಯ ಅಪೂರ್ಣವಾಗುತ್ತಿತ್ತು.

ಈ ವಿದ್ಯೆ ಮುಂದೆ ಇನ್ನೂ ಉನ್ನತವಾದ ನೆಲೆಗಳಿಗೆ ಏರಿತು. ಲಡಾಖಿನಲ್ಲಿಯೇ, 16,000 ಅಡಿಗೂ ಮಿಕ್ಕ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ 1962ರ ಜುಲೈ 23ರಂದು ನಮ್ಮ ಪ್ಯಾಕೆಟ್ ಎಂಬ ಸಾಗಣೆ ವಿಮಾನ ಇಳಿಯಿತು. ಬಳಿಕ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಿರುಪಯುಕ್ತವಾಗಿದ್ದ ಆ ನೆಲದಲ್ಲಿ 2008ರ ಮೇ 31ರಂದು ಮತ್ತೆ ವಿಮಾನವಿಳಿಯಿತು. ಆಳು ನೋಡಿಕೊಳ್ಳದ ಇಳಿದಾಣವನ್ನು ಹಿಮವೂ ಗಾಳಿಯೂ ಮರಳಿ ಒರಟು ನೆಲವಾಗಿಸಿಬಿಡುತ್ತವೆ; ಒಮ್ಮೆ ನಿರ್ಮಿಸಿದರೆ ಮುಗಿಯುವ ಕಾರ್ಯ ಇದಲ್ಲ.

ಮೆಹರ್ ಸಿಂಗ್ ಅವರಿಗೂ ಪೃಥಿ ಚಂದ್ ಅವರಿಗೂ ರಾಷ್ಟ್ರವು ಮಹಾವೀರಚಕ್ರವನ್ನಿತ್ತು ಗೌರವಿಸಿತು. ಅದು ಯೋಗ್ಯವೇ ಸರಿ. ನೋರ್ಬು ಅವರ ಹೆಸರು ಲೇಹ್‌ನ ಆಸ್ಪತ್ರೆಗೆ ಸಂದಿದೆ. ಆದರೆ ಕಲ್ಲು ಹೆಕ್ಕಿ ಮಣ್ಣು ಹೊತ್ತವರ ಹೆಸರುಗಳು ನಮ್ಮ ಪಠ್ಯಗಳಲ್ಲಿ ಕಾಣವು. ಇತಿಹಾಸವನ್ನೂ ಎಂಜಿನಿಯರಿಂಗ್ ವಿದ್ಯೆಯನ್ನೂ ಬೋಧಿಸುವ ಮಹನೀಯರು ಈ ಸಭೆಯಲ್ಲಿದ್ದೀರಿ. ತಿಮ್ಮಯ್ಯನವರ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅವರ ವಿಮಾನಕ್ಕೆ ನೆಲವನ್ನು ಸಿದ್ಧಗೊಳಿಸಿದವರ ಕಥೆಯನ್ನೂ ಕೂಡಿಸಿ ಹೇಳಿರೆಂದು ನಿಮ್ಮಲ್ಲಿ ನನ್ನ ವಿನಯಪೂರ್ವಕವಾದ ಪ್ರಾರ್ಥನೆ.