ಶೀಟಿನ ಅಡಿಗೆ ಫೋಮ್: ಮಳೆಗಾಲಕ್ಕೆ ಮೊದಲೇ ಅಂಟಿಸಿ

ಶೀಟಿನ ಮಾಡಿನ ಮೇಲೆ ಮಳೆ ಬಿದ್ದಾಗ ಎಷ್ಟು ಸದ್ದು ಅಂತ ನಮ್ಮ ನೆಲ್ಯಾಡಿ ಕಡೆಯವರಿಗೆ ಹೇಳಬೇಕಾಗಿಲ್ಲ. ಜುಲೈಯಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ, ಏಪ್ರಿಲಿನಲ್ಲಿ ಅದೇ ಶೀಟಿನ ಕೆಳಗೆ ತಡೆಯಲಾಗದ ಸೆಕೆ. ಹಾಗಾಗಿ ಹಿಂಬದಿಯಲ್ಲಿ ಅಂಟು ಇರುವ ಪಾಲಿಥಿನ್ ಫೋಮ್ ರೋಲು ತಂದು ಶೀಟಿನ ಅಡಿಗೆ ಹಾಕುತ್ತೇವೆ. ಕೆಲವು ಕಡೆ ಅದು ಒಂದೇ ಮಳೆಗಾಲಕ್ಕೆ ಮೂಲೆ ಬಿಟ್ಟು ಜೋತಾಡುತ್ತದೆ. ಅಲ್ಲಿ ಅಂಟು ಹಿಡಿದದ್ದು ಶೀಟನ್ನಲ್ಲ, ಶೀಟಿನ ಮೇಲಿದ್ದ ಧೂಳನ್ನು.

ನಮ್ಮ ರಬ್ಬರ್ ತೋಟದವರನ್ನು ನೋಡಿ. ಮಳೆಗಾಲದಲ್ಲೂ ಟ್ಯಾಪಿಂಗ್ ನಡೆಯಲಿ ಅಂತ ಮರಕ್ಕೆ ಪ್ಲಾಸ್ಟಿಕ್ ಹಾಕುತ್ತಾರಲ್ಲ, ಮೊದಲು ಸಡಿಲ ತೊಗಟೆ ಕೆರೆಯುತ್ತಾರೆ, ಒಣಗಿದ ಮರಕ್ಕೇ ಡಾಂಬರಿನ ಅಂಟು ಬಳಿಯುತ್ತಾರೆ. ಅದೂ ಮಳೆ ಹಿಡಿಯುವ ಮೊದಲು. ಫೋಮಿಗೂ ಅದೇ ಕ್ರಮ.

ಹೊಸ ಶೀಟಿನಲ್ಲಿ ಎಣ್ಣೆಯ ಪಸೆ ಇರಬಹುದು, ಹಳೆಯದರಲ್ಲಿ ತುಕ್ಕು, ಮಸಿ, ಜೇಡರ ಬಲೆ. ತುಕ್ಕಿದ್ದರೆ ಉಜ್ಜಿ ತೆಗೆಯಿರಿ. ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ ಬೇಡವೇ ಬೇಡ, ಅದು ಜಿಡ್ಡು ಉಳಿಸುತ್ತದೆ. ಬೆಳಿಗ್ಗೆ ಬೇಗ ಶುರು ಮಾಡಬೇಡಿ, ಶೀಟಿನ ಅಡಿಯಲ್ಲಿ ಇಬ್ಬನಿ ಕೂತಿರುತ್ತದೆ. ನಡುಮಧ್ಯಾಹ್ನ ಶೀಟು ಸುಡುತ್ತದೆ. ಎರಡರ ನಡುವಿನ ಹೊತ್ತು ಒಳ್ಳೆಯದು.

ಅಂಟಿನ ಮೇಲಿನ ಕಾಗದವನ್ನು ಒಮ್ಮೆಲೇ ಕಿತ್ತುಹಾಕಬೇಡಿ. ಒಂದು ಗೇಣು ಬಿಚ್ಚಿ, ಅಂಟಿಸಿ, ಒತ್ತಿ, ಮತ್ತೆ ಒಂದು ಗೇಣು. ಅಂಟಿಗೆ ಬೆರಳು ತಾಗಿಸಬೇಡಿ. ಫೋಮನ್ನು ಎಳೆದು ಅಂಟಿಸಲೂಬಾರದು, ಎಳೆದದ್ದು ತನ್ನ ಅಳತೆಗೆ ಮರಳುವಾಗ ಅಂಚು ಕೀಳುತ್ತದೆ. ಶೀಟಿನ ಏರಿಳಿತಗಳಲ್ಲಿ ತುಂಬ ಜನ ಎಡವುತ್ತಾರೆ. ಉಬ್ಬಿನಿಂದ ಉಬ್ಬಿಗೆ ಚಪ್ಪಟೆಯಾಗಿ ಹಾಸಿದರೆ ಫೋಮ್ ಉಬ್ಬುಗಳಿಗೆ ಮಾತ್ರ ತಾಗುತ್ತದೆ, ತಗ್ಗಿನಲ್ಲಿ ಗಾಳಿ ಉಳಿಯುತ್ತದೆ. ಪ್ರತಿ ತಗ್ಗಿಗೂ ರೋಲರ್ ಅಥವಾ ಬಟ್ಟೆ ಸುತ್ತಿದ ಮರದ ತುಂಡು ಹಿಡಿದು ಒತ್ತಿ. ಈ ಬಗೆಯ ಅಂಟು ಹಿಡಿಯುವುದೇ ಒತ್ತಡದಿಂದ. ಆಮೇಲೆ ಅಂಚು, ಜೋಡಣೆಗಳಿಗೆ ಅಲ್ಯೂಮಿನಿಯಂ ಟೇಪು ಹಾಕಿ, ತೇವ ಒಳಹೋಗದ ಹಾಗೆ.

ನಂತರ ಕಾಯಬೇಕು. ಅಕ್ರಿಲಿಕ್ ಫೋಮ್ ಟೇಪುಗಳಿಗೆ ತಯಾರಕರು ಕೊಡುವ ಲೆಕ್ಕ ಹೀಗಿದೆ: 20 ನಿಮಿಷಕ್ಕೆ ಸುಮಾರು ಅರ್ಧ ಬಲ, 24 ಗಂಟೆಗೆ ಶೇಕಡಾ 90, ಪೂರ್ತಿ ಬಲಕ್ಕೆ 72 ಗಂಟೆ. ಹಾಗಾಗಿ ಮೂರು ದಿನ ಎಳೆದು ನೋಡಬೇಡಿ.

ಒಂದು ಮಾತು ದಯವಿಟ್ಟು ಕೇಳಿ. ಪಾಲಿಥಿನ್ ಫೋಮಿಗೆ ಬೆಂಕಿ ತಾಗಿದರೆ ಉರಿಯುತ್ತದೆ, ಕರಗಿ ಹನಿಯುತ್ತದೆ. ಸೌದೆ ಒಲೆಯ ಮೇಲೆ, ಬಚ್ಚಲಿನ ಹಂಡೆಯ ಮೇಲೆ, ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನಲ್ಲಿ ಇದನ್ನು ಹಾಕಲೇಬೇಡಿ.