ರೋಗದ ಹೆಸರು ತಿಳಿಯದ ದಿನಗಳಲ್ಲಿ

(ರೋಣದ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸಹೋದರರೇ, ಮನೆಯಲ್ಲಿ ಇದನ್ನು ಓದುವ ತಾಯಂದಿರೇ,

ಮೂರು ಜುಮಾಗಳಿಂದ ನಾವು ನಮ್ಮ ಮೊಹಲ್ಲಾದ ಒಂದು ಮಗುವಿಗಾಗಿ ದುಆ ಮಾಡುತ್ತಿದ್ದೇವೆ. ಹೆಸರು ಹೇಳುವುದು ಬೇಡವೆಂದು ತಂದೆಯೇ ಕೇಳಿಕೊಂಡಿದ್ದಾರೆ. ಬಂದ ಜ್ವರ ಬಿಡುತ್ತಿಲ್ಲ, ಮಗು ದಿನದಿಂದ ದಿನಕ್ಕೆ ಸೊರಗುತ್ತಿದೆ. ರೋಣದ ತಾಲೂಕು ಆಸ್ಪತ್ರೆಯಿಂದ ಗದಗಕ್ಕೆ, ಗದಗದಿಂದ ಹುಬ್ಬಳ್ಳಿಗೆ ಕಳಿಸಿದ್ದಾರೆ. ಎರಡು ಸಲ ರಕ್ತ ಏರಿಸಿದ್ದಾಯಿತು. ರೋಗ ಯಾವುದೆಂದು ಇನ್ನೂ ಗೊತ್ತಾಗಿಲ್ಲ.

ಕೆಟ್ಟ ಸುದ್ದಿ ಬಂದರೆ ಮನುಷ್ಯ ಅತ್ತು, ಆಮೇಲೆ ಎದೆ ಗಟ್ಟಿ ಮಾಡಿಕೊಳ್ಳುತ್ತಾನೆ. ಯಾವ ಸುದ್ದಿಯೂ ಬಾರದಿದ್ದರೆ? ಆ ಪರೀಕ್ಷೆಯೇ ಬೇರೆ. ಪವಿತ್ರ ಕುರ್‌ಆನಿನ 12ನೇ ಅಧ್ಯಾಯ ಸೂರಃ ಯೂಸುಫ್ ಅನ್ನು ನಾವು ಮಗನ ಕಥೆಯೆಂದೇ ಓದುತ್ತೇವೆ. ಒಮ್ಮೆ ತಂದೆಯ ಕಥೆಯಾಗಿ ಓದಿ ನೋಡಿ. ಪ್ರವಾದಿ ಯಾಕೂಬ್(ಅ)ರಿಗೆ ಮಗ ಸತ್ತನೆಂಬ ಖಾತ್ರಿ ಇರಲಿಲ್ಲ, ಎಲ್ಲಿದ್ದಾನೆಂಬ ಸುಳಿವೂ ಇರಲಿಲ್ಲ. ತೋಳ ತಿಂದಿತೆಂದು ಮಕ್ಕಳು ತಂದ ರಕ್ತದ ಅಂಗಿಯನ್ನು ಅವರು ನಂಬಲಿಲ್ಲ. ಸುಂದರವಾದ ಸಹನೆಯೇ ತನ್ನ ದಾರಿ ಎಂದರು. ಆದರೆ ಆ ಸಹನೆ ಎಂಥದ್ದು? ದುಃಖದಿಂದ ಅವರ ಕಣ್ಣು ಬೆಳ್ಳಗಾದವು. ಸದಾ ಯೂಸುಫನನ್ನೇ ನೆನೆಯುತ್ತಾ ಹಾಳಾಗಿ ಹೋಗುತ್ತೀರಿ ಎಂದು ಮನೆಯವರೇ ಗದರಿದರು. ತನ್ನ ನೋವನ್ನು ಹೇಳಿಕೊಳ್ಳುವುದು ಅಲ್ಲಾಹನೊಡನೆ ಎಂದು ಅವರು ಉತ್ತರಿಸಿದರು. ಅದೇ ಉಸಿರಿನಲ್ಲಿ, ಹೋಗಿ ಹುಡುಕಿರಿ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಎಂದು ಮಕ್ಕಳನ್ನು ಕಳಿಸಿದರು. ಅಳು, ದುಆ, ಹುಡುಕಾಟ ಮೂರೂ ಒಬ್ಬ ಪ್ರವಾದಿಯ ಸಬ್ರ್‌ನಲ್ಲಿ ಒಟ್ಟಿಗೆ ಇದ್ದವು. ಆಸ್ಪತ್ರೆಯ ವರಾಂಡದಲ್ಲಿ ಅಳುವ ತಾಯಿಗೆ "ಸಬರ್ ಮಾಡವ್ವ, ಅಳಬ್ಯಾಡ" ಅನ್ನುವವರು ಇದನ್ನು ನೆನಪಿಡಿ.

ಹುಡುಕಾಟವೆಂದರೆ ಇಲ್ಲಿ ತಪಾಸಣೆ. ಔಷಧೋಪಚಾರ ಮಾಡಬಹುದೇ ಎಂದು ಹಳ್ಳಿಗಾಡಿನ ಅರಬರು ಕೇಳಿದಾಗ ಪ್ರವಾದಿ(ಸ)ರು ಮಾಡಿರೆಂದರು. ಅಲ್ಲಾಹನು ರೋಗದ ಜೊತೆಗೆ ಅದರ ಮದ್ದನ್ನೂ ಇಳಿಸಿದ್ದಾನೆಂದು ತಿಳಿಸಿದರು. ತಿಳಿದವರಿಗೆ ಅದು ತಿಳಿದಿದೆ, ತಿಳಿಯದವರಿಗೆ ತಿಳಿದಿಲ್ಲ ಎಂಬ ಮಾತೂ ಹದೀಸಿನಲ್ಲಿ ಬಂದಿದೆ. ನಮ್ಮ ನಾಡಿನದೇ ಉದಾಹರಣೆ ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಜನರಿಗೆ ವಿಪರೀತ ಜ್ವರ ಬಂತು. ಆಗ ಆ ಜ್ವರಕ್ಕೆ ಹೆಸರಿರಲಿಲ್ಲ. ಹುಡುಕಿದವರಿಗೆ ಅದೊಂದು ಹೊಸ ವೈರಸ್, ಉಣ್ಣೆ ಕಚ್ಚಿ ಹರಡುತ್ತದೆ ಎಂದು ಸಿಕ್ಕಿತು. ಇಂದು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ.

ಆದ್ದರಿಂದ "ಡಾಕ್ಟರಿಗೇ ಗೊತ್ತಿಲ್ಲ" ಎಂದು ಹಗುರವಾಗಿ ಆಡಬೇಡಿ. ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು ದಿನಗಳು ಬೇಕು, ವಂಶವಾಹಿ ಪರೀಕ್ಷೆಗೆ ವಾರಗಳೇ ಬೇಕು. ಮೊದಲು ಬೇರೆಡೆ ಕೊಡಿಸಿದ ಗುಳಿಗೆ, ಇಂಜೆಕ್ಷನ್ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು ತೋರಿಸಿ. ಕೆಲವು ಔಷಧಿ, ಮುಖ್ಯವಾಗಿ ಸ್ಟೀರಾಯ್ಡ್, ರೋಗದ ಗುರುತನ್ನೇ ಮರೆಮಾಡುತ್ತವೆ. ಮಗುವಿನ ತಲೆ ಮೇಲೆ ಕೈಯಿಟ್ಟು ಓದಿ ಊದಿರಿ. ಪ್ರವಾದಿ(ಸ)ರೂ ಹಸನ್, ಹುಸೈನ್(ರ)ರಿಗಾಗಿ ಓದಿ ಅಲ್ಲಾಹನ ರಕ್ಷಣೆ ಬೇಡುತ್ತಿದ್ದರು. ಆದರೆ ವೈದ್ಯರ ಮಾತು ಮೀರಿ, ಸಹಿ ಹಾಕಿ ಮಗುವನ್ನು ಬಿಡಿಸಿಕೊಂಡು ಯಾವುದೋ ಬಾಬಾನ ಬಳಿ ಒಯ್ಯುವುದು ದುಆ ಅಲ್ಲ, ಮಗುವಿನ ಜೀವದೊಂದಿಗೆ ಆಟ.

ಇನ್ನು ನಮ್ಮ ನಾಲಿಗೆಯ ವಿಷಯ. ರೋಗದ ಹೆಸರು ವೈದ್ಯರಿಗೆ ಸಿಗದಿದ್ದರೂ ಓಣಿಯವರಿಗೆ ಸಿಕ್ಕೇ ಸಿಗುತ್ತದೆ! ಯಾರದೋ ದೃಷ್ಟಿ, ತಾಯಿ ಬಸುರಿದ್ದಾಗ ಹೊರಗೆ ಹೋದದ್ದು, ತಂದೆ ಮಾಡಿದ ಪಾಪ. ಪ್ರವಾದಿ(ಸ)ರ ಪುತ್ರ ಇಬ್ರಾಹೀಮ್‌ಗೆ ಎರಡು ವರ್ಷವೂ ತುಂಬಿರಲಿಲ್ಲ. ಕೊನೆಯುಸಿರೆಳೆಯುತ್ತಿದ್ದ ಮಗುವನ್ನು ನೋಡಿ ಅವರ ಕಣ್ಣು ತುಂಬಿ ಹರಿದವು. ತಾವೂ ಅಳುವಿರಾ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕೇಳಿದರೆ, ಇದು ಕರುಣೆ ಎಂದರು. ಆ ದಿನವೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೇ ಗ್ರಹಣ ಹಿಡಿಯಿತೆಂದು ಜನ ಆಡಿಕೊಂಡರು. ಯಾರ ಸಾವು, ಯಾರ ಬದುಕಿಗಾಗಿಯೂ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ತಿದ್ದಿದರು. ಸ್ವಂತ ಮಗನನ್ನು ಕಳೆದುಕೊಂಡ ದಿನವೂ ಇಲ್ಲದ ಕಾರಣವನ್ನು ಕಟ್ಟಲು ಅವರು ಬಿಡಲಿಲ್ಲ. ಹಾಗಿರುವಾಗ ಆ ತಾಯಿಯ ತಲೆಗೆ ಕಾರಣ ಕಟ್ಟಲು ನಾವ್ಯಾರು?

ಆ ತಂದೆ ಫೋನಿನಲ್ಲಿ ಒಂದು ಮಸ್‌ಅಲಾ ಕೇಳಿದರು, ಎಲ್ಲರಿಗೂ ಉಪಯೋಗವಾದೀತು. ರೋಣದಿಂದ ಹುಬ್ಬಳ್ಳಿ 78 ಕಿ.ಮೀ. ಮೀರಿದ ದೂರ. 15 ದಿನ ಅಲ್ಲೇ ಇರುತ್ತೇನೆಂಬ ನಿಯ್ಯತ್ ಇಲ್ಲದಿದ್ದರೆ ಲುಹರ್, ಅಸರ್, ಇಶಾ ಫರ್ಜ್ ನಮಾಜುಗಳಲ್ಲಿ ನಾಲ್ಕರ ಬದಲು ಎರಡು ರಕಅತ್. ಅವರ ಪ್ರಶ್ನೆ: "ಹಜರತ್, ದಿನಾ ನಾಳೆ ನೋಡೋಣ ಅಂತಾರ, ಎಷ್ಟು ದಿನ ಅಂತ ನಿಯ್ಯತ್ ಮಾಡ್ಲಿ?" ಹನಫೀ ಫಿಕ್‌ಹ್‌ನಲ್ಲಿ ಇದಕ್ಕೆ ಉತ್ತರವಿದೆ. ಇಂದು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂಬ ಸ್ಥಿತಿಯಲ್ಲಿರುವವನು ತಿಂಗಳುಗಳೇ ಕಳೆದರೂ ಮುಸಾಫಿರನೇ, ಎರಡೇ ರಕಅತ್. ಯಾವಾಗ ಮನೆಗೆ ಹೋಗುತ್ತೇನೆಂದು ತಿಳಿಯದವನ ಭಾರವನ್ನು ಶರೀಅತ್ ಇಳಿಸಿದೆ. ನಾವೂ ಸ್ವಲ್ಪ ಇಳಿಸೋಣ.

ಹೇಗೆ? ದಿನಕ್ಕೆ ಇಪ್ಪತ್ತು ಜನ ಫೋನ್ ಮಾಡಿ "ಡಾಕ್ಟರ್ ಏನಂದ್ರು?" ಎಂದರೆ ಆ ತಾಯಿ ಇಪ್ಪತ್ತು ಸಲ "ಗೊತ್ತಾಗಿಲ್ರೀ" ಎನ್ನಬೇಕು. ಫೋನ್ ಬೇಡ. ಮಗುವಿನ ಚಿಕ್ಕಪ್ಪನನ್ನು ಕೇಳಿ, ಅವರು ಎಲ್ಲರಿಗೂ ತಿಳಿಸುತ್ತಾರೆ. ವಾರ್ಡಿಗೆ ಗುಂಪಾಗಿ ಹೋಗಬೇಡಿ. ಮನೆಯಲ್ಲಿ ಉಳಿದಿರುವ ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸುವ, ಊಟ ಹಾಕುವ ಕೆಲಸವನ್ನು ನಾಲ್ಕು ಮನೆಯವರು ಹಂಚಿಕೊಂಡಿದ್ದಾರೆ. ಅಲ್ಲಾಹನು ಅವರಿಗೆ ಒಳ್ಳೆಯ ಪ್ರತಿಫಲ ಕೊಡಲಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮ್ಮ ನಿಮ್ಮ ಮನೆಯ ಕಾರ್ಡುಗಳನ್ನೂ ಈಗಲೇ ಸರಿ ಮಾಡಿಸಿಟ್ಟುಕೊಳ್ಳಿ. ಆದರೆ ತಪ್ಪಿದ ದಿನಗೂಲಿ, ಬಸ್ ಚಾರ್ಜು, ಹೊರಗಿನ ಊಟ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಝಕಾತ್ ಪಡೆಯಲು ಅರ್ಹರಾದವರಿಗೆ ಕೊಡಲು ರಮಝಾನಿನವರೆಗೆ ಕಾಯಬೇಕಿಲ್ಲ.

ಕೊನೆಗೆ ರಕ್ತ. ಭಾನುವಾರ ಬೆಳಿಗ್ಗೆ ಏಳಕ್ಕೆ ಮಸೀದಿ ಮುಂದಿನಿಂದ ಹುಬ್ಬಳ್ಳಿಗೆ ಗಾಡಿ ಹೊರಡುತ್ತದೆ. 18 ವರ್ಷ ತುಂಬಿ, 45 ಕಿಲೋಗಿಂತ ಹೆಚ್ಚು ತೂಕವಿದ್ದು, ಕಳೆದ ಮೂರು ತಿಂಗಳಲ್ಲಿ ರಕ್ತ ಕೊಡದ ಯುವಕರು ಬನ್ನಿ. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ನಾಷ್ಟಾ ಮಾಡಿಕೊಂಡು ಬನ್ನಿ. ಈಗ ಸುನ್ನತ್ ನಮಾಜ್ ಮುಗಿಸಿ ಮುಅಝ್ಝಿನ್ ಸಾಹೇಬರ ಹತ್ತಿರ ಹೆಸರು ಬರೆಸಿ ಹೋಗಿ.