ಹಳೆಯ ಮನೆ ಕೊಳ್ಳುವ ಮುಂಚೆ



ದುಡಿಮೆಯ ಕೊನೆಗೆ ಪ್ರಾವಿಡೆಂಟ್ ಫಂಡ್ ಹಣ ಕೈಗೆ ಬಂದಾಗ, ಒಂದು ಹಳೆಯ ಮನೆ ಕೊಂಡು ಬಾಡಿಗೆಗೆ ಕೊಡೋಣವೆಂಬ ಆಸೆ ಸಹಜ. ಆದರೆ ಸೊಲ್ಲಾಪುರ, ಅಕ್ಕಲಕೋಟ ಕಡೆಯ ಹಳೆಯ ಮಾಳಿಗೆ ಮನೆಯನ್ನು ಗೋಡೆಯ ದಪ್ಪ ನೋಡಿ ಕೊಳ್ಳಬೇಡಿರಿ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳು ಬಿಚ್ಚಿಕೊಂಡವು. ಮಾಳಿಗೆಯ ಮಣ್ಣೆಲ್ಲ ಮಲಗಿದ್ದವರ ಮೇಲೆ ಕುಸಿಯಿತು. ಸಾವಿರಾರು ಜನ ಸತ್ತರು.

ಆದ್ದರಿಂದ ಮೊದಲು ಮೇಲೆ ನೋಡಿರಿ. ಸೋರದಿರಲೆಂದು ವರ್ಷವರ್ಷ ಹೇರಿದ ಮಣ್ಣು ಎಷ್ಟಿದೆ? ತೊಲೆ, ಜಂತಿಗಳು ಗೋಡೆ ಸೇರುವಲ್ಲಿ ಮೊಳೆಯಿಂದ ಚುಚ್ಚಿರಿ. ಸಲೀಸಾಗಿ ಇಳಿದರೆ ಮರ ಕೆಟ್ಟಿದೆ. ಗೋಡೆ ಹೊಟ್ಟೆಬಿಟ್ಟಿದ್ದರೆ ಒಳಗಿನ, ಹೊರಗಿನ ಪದರಗಳು ಬೇರೆಯಾಗುತ್ತಿವೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹೊಸ ಸುಣ್ಣದ ಅಡಿಯಲ್ಲಿ ಬಿರುಕು ಅಡಗಿರಬಹುದು. ಗೌಂಡಿಯಿಂದಲೂ ಬಡಿಗನಿಂದಲೂ ದುರಸ್ತಿಯ ಲೆಕ್ಕ ಬರೆಸಿ ಬೆಲೆಗೆ ಕೂಡಿಸಿರಿ. ಮನೆಯ ನಿಜವಾದ ಬೆಲೆ ಅದೇ.

ಅನಂತರ ಕಾಗದ. ಸಿಟಿ ಸರ್ವೆ ಉತಾರದಲ್ಲಿ, ಹಳ್ಳಿಯಾದರೆ ಪಂಚಾಯತಿಯ ನಮೂನೆ 8ರಲ್ಲಿ ಯಾರ ಹೆಸರಿದೆ? ಅದೊಂದನ್ನೇ ನಂಬದೆ ವಕೀಲರಿಂದ ನೋಂದಣಿ ಕಚೇರಿಯಲ್ಲಿ ಹಳೆಯ ಖರೀದಿಪತ್ರ, ಅಡವುಗಳನ್ನು ಹುಡುಕಿಸಿರಿ. ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲು ಕೇಳಿರಿ. ಬಾಡಿಗೆದಾರರಿದ್ದರೆ, ಮನೆ ಮಾರಾಟವಾದ ಮಾತ್ರಕ್ಕೆ ಅವರ ಹಕ್ಕು ಹೋಗುವುದಿಲ್ಲ. ಇದೆಲ್ಲ ತಿಳಿಯುವ ತನಕ ಇಸಾರ ಕೊಡಬೇಡಿರಿ.

ಕಡೆಯ ಮಾತು. ನಿಮ್ಮ ಮನೆಗೆ ಬಾಡಿಗೆಗೆ ಬರುವವನೂ ನಮ್ಮಂಥ ದುಡಿಯುವವನೇ. ಯಾವ ಮಾಳಿಗೆಯ ಕೆಳಗೆ ನಿಮ್ಮ ಮಕ್ಕಳನ್ನು ಮಲಗಿಸಲಾರಿರೋ, ಅದರ ಕೆಳಗೆ ಅವನ ಮಕ್ಕಳನ್ನು ಮಲಗಿಸಿ ಬಾಡಿಗೆ ಎಣಿಸಬೇಡಿರಿ.